ವಜ್ರದ ಪಕ್ಕ ಯಾವ ಕಲ್ಲು?

ನಿಶ್ಚಿತಾರ್ಥಕ್ಕೆ ಉಂಗುರ ಮಾಡಿಸೋಣ ಅಂದಾಗ ನಮ್ಮಿಬ್ಬರಿಗೂ ಒಂದೇ ಒಂದು ವಿಷಯ ಸ್ಪಷ್ಟವಾಗಿತ್ತು. ಬರೀ ವಜ್ರ ಬೇಡ, ಜೊತೆಗೆ ಬಣ್ಣದ ಕಲ್ಲೂ ಇರಲಿ. ಯಾವ ಕಲ್ಲು, ಯಾವುದು ನಡುವೆ, ಯಾವುದು ಪಕ್ಕದಲ್ಲಿ, ಇದೊಂದೂ ಗೊತ್ತಿರಲಿಲ್ಲ. ನನ್ನ ಮನಸ್ಸು ಪಚ್ಚೆಯ ಕಡೆಗಿತ್ತು. ಅಕ್ಕನ ಬೆರಳಲ್ಲಿ ಅಂಥದ್ದೇ ಒಂದು ಇದೆ. ನಡುವೆ ಪಚ್ಚೆ, ಸುತ್ತಲೂ ಸಣ್ಣ ಸಣ್ಣ ವಜ್ರ, ಒಮ್ಮೆ ನೋಡಿದವರು ಮತ್ತೆ ತಿರುಗಿ ನೋಡುವಂಥದ್ದು.

ಒಂದಿನ ಅವಳ ಉಂಗುರ ಬಿಚ್ಚಿಸಿಕೊಂಡು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿದೆ. ಎದೆ ಧಸಕ್ ಅಂತು. ನಾಲ್ಕು ವರ್ಷ ಹಾಕಿದ ಉಂಗುರ. ಸುತ್ತಲಿನ ವಜ್ರಗಳು ನಿನ್ನೆ ಮೊನ್ನೆ ಕೂರಿಸಿದ ಹಾಗೆ ಚೂಪಾಗಿದ್ದವು. ನಡುವಿನ ಪಚ್ಚೆಯ ಅಂಚುಗಳು ಮಾತ್ರ ಸವೆದು, ಬಳಪದಲ್ಲಿ ಗೆರೆ ಎಳೆದ ಹಾಗೆ ಬೆಳ್ಳಗಾಗಿದ್ದವು. ಮೇಲಿನ ಚಪ್ಪಟೆ ಮುಖದ ತುಂಬಾ ಕೂದಲೆಳೆಯಂಥ ಗೀರು. ಒಂದು ಮೂಲೆಯಲ್ಲಿ ಚೂರೇ ಚೂರು ಚಕ್ಕೆ ಹಾರಿತ್ತು. ಬರಿಗಣ್ಣಿಗೆ ಇದೊಂದೂ ಕಾಣುವುದಿಲ್ಲ, ಯಾಕೋ ಮೊದಲಿನ ಹೊಳಪಿಲ್ಲ ಅನಿಸುತ್ತದೆ ಅಷ್ಟೇ. ಅಕ್ಕನೂ ಅದನ್ನೇ ಹೇಳುತ್ತಿದ್ದಳು.

ವಿಚಾರಿಸುತ್ತಾ ಹೋದಾಗ ಎರಡು ಕಾರಣ ಸಿಕ್ಕವು. ಅವಳು ಪಕ್ಕದ ಬೆರಳಿಗೆ ಇನ್ನೊಂದು ವಜ್ರದ ಉಂಗುರ ಹಾಕುತ್ತಾಳೆ, ರಾತ್ರಿ ಎರಡನ್ನೂ ಬಿಚ್ಚಿ ಒಂದೇ ಡಬ್ಬಿಗೆ ಹಾಕುತ್ತಾಳೆ. ವಜ್ರ ಉಜ್ಜಿದರೆ ಯಾವ ಕಲ್ಲಿಗಾದರೂ ಗೀರು ಬೀಳುತ್ತದೆ, ಇನ್ನೊಂದು ವಜ್ರಕ್ಕೂ ಸಹ. ಎರಡನೆಯದು, ಅವಳು ಒಮ್ಮೆ ಉಂಗುರವನ್ನು ಒಂದು ಅಂಗಡಿಯಲ್ಲಿ ತೊಳೆಸಲು ಕೊಟ್ಟಿದ್ದಳು. ಅವರು ವಜ್ರಕ್ಕೆ ಮಾಡುವ ಹಾಗೇ ಅದನ್ನೂ ಅಲ್ಟ್ರಾಸೋನಿಕ್ ಯಂತ್ರಕ್ಕೆ ಹಾಕಿ ತೆಗೆದು ಕೊಟ್ಟರು. ಪಚ್ಚೆಯೊಳಗೆ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ, ಅವು ಎದ್ದು ಕಾಣದಿರಲಿ ಅಂತ ಬಹುಪಾಲು ಪಚ್ಚೆಗಳಿಗೆ ಸೀಡರ್ ಎಣ್ಣೆಯಂಥದ್ದನ್ನು ತುಂಬಿಸಿರುತ್ತಾರೆ. ಯಂತ್ರದ ನಡುಕಕ್ಕೆ ಆ ಎಣ್ಣೆ ಹೊರಬಂತು, ಮುಚ್ಚಿದ್ದ ಬಿರುಕು ಕಾಣತೊಡಗಿತು. ತೊಳೆಯುವ ಮುಂಚೆ ಇದು ಪಚ್ಚೆ, ಹೀಗೆ ಮಾಡಬಾರದು ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅವತ್ತೇ ನನಗೆ ಹೊಳೆದದ್ದು ಇದು. ಎರಡು ಬಗೆಯ ಕಲ್ಲು ಒಂದೇ ಉಂಗುರದಲ್ಲಿ ಕೂತರೆ ಲೆಕ್ಕಕ್ಕೆ ಬರುವುದು ಮೆತ್ತಗಿನ ಕಲ್ಲು. ಉಂಗುರ ಹೇಗೆ ಹಾಕಬೇಕು, ಹೇಗೆ ತೊಳೆಯಬೇಕು, ಎಲ್ಲಿ ಇಡಬೇಕು, ಎಲ್ಲವನ್ನೂ ಅದೇ ಹೇಳುತ್ತದೆ. ವಜ್ರ ಎಷ್ಟೇ ಗಟ್ಟಿಯಾಗಿದ್ದರೂ ಪಕ್ಕದ ಕಲ್ಲಿಗೆ ತನ್ನ ಗಟ್ಟಿತನ ಕೊಡಲಾರದು.

ಗಟ್ಟಿತನದ ಅಳತೆ 1812ರಷ್ಟು ಹಳೆಯದು, ಫ್ರೀಡ್ರಿಕ್ ಮೋಸ್ ಅನ್ನುವ ಜರ್ಮನ್ ಖನಿಜ ವಿಜ್ಞಾನಿ ರೂಪಿಸಿದ್ದು. ಅದರಲ್ಲಿ ವಜ್ರಕ್ಕೆ 10. ಮಾಣಿಕ್ಯ, ನೀಲಮಣಿ (ಅಂದರೆ ಸಫೈರ್) ಎರಡಕ್ಕೂ 9. ಸ್ಪಿನೆಲ್ ಮತ್ತು ಟೋಪಾಜ್‌ಗೆ 8, ಪಚ್ಚೆಗೆ 7.5ರಿಂದ 8. ಓಪಲ್ 6ರ ಆಸುಪಾಸು, ಮುತ್ತು 3ರ ಆಸುಪಾಸು. 9ಕ್ಕೂ 10ಕ್ಕೂ ಒಂದೇ ಮೆಟ್ಟಿಲು ಅಂತ ಕಾಣುತ್ತದೆ, ಆದರೆ ನಿಜವಾದ ಅಂತರ ಹಲವು ಪಟ್ಟು. ನೆನಪಿಡಬೇಕಾದ ಅಂಕಿ 7. ಅದು ಕ್ವಾರ್ಟ್ಜ್, ಅಂದರೆ ಮಾಮೂಲಿ ಮರಳು. ಮನೆಯ ಧೂಳಿನಲ್ಲೂ ಅದರ ಕಣ ಇರುತ್ತದೆ. 7ಕ್ಕಿಂತ ಕೆಳಗಿನ ಕಲ್ಲನ್ನು ಸುಮ್ನೆ ಒಣಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳಬಹುದು. ಓಪಲ್ ನನಗೆ ಪ್ರಾಣ. ಆದರೆ ಕಿವಿಗೋ ಕೊರಳಿಗೋ ಸರಿ, ದಿನಾ ಹಾಕುವ ಉಂಗುರಕ್ಕೆ ಅದನ್ನು ಒಡ್ಡಲು ಮನಸ್ಸು ಬರಲಿಲ್ಲ.

ಗಟ್ಟಿ ಅನ್ನುವ ಮಾತಿಗೆ ಎರಡು ಅರ್ಥ ಇದೆ, ಇದನ್ನು ಅಂಗಡಿಗಳಲ್ಲಿ ಬಿಡಿಸಿ ಹೇಳುವವರು ಕಡಿಮೆ. ಗೀರು ತಡೆಯುವುದು ಒಂದು, ಪೆಟ್ಟು ತಡೆಯುವುದು ಇನ್ನೊಂದು. ವಜ್ರಕ್ಕೆ ಗೀರು ಬೀಳುವುದು ಬಲು ಕಷ್ಟ, ಆದರೆ ಅದಕ್ಕೆ ಸೀಳುವ ದಿಕ್ಕುಗಳು ನಾಲ್ಕಿವೆ, ಆ ದಿಕ್ಕಿಗೆ ಸರಿಯಾಗಿ ಪೆಟ್ಟು ಬಿದ್ದರೆ ಚಕ್ಕೆ ಹಾರುತ್ತದೆ. ನೀಲಮಣಿಗೆ ಹಾಗೆ ಸುಲಭವಾಗಿ ಸೀಳುವ ದಿಕ್ಕಿಲ್ಲ. ಜೇಡ್ ಗಟ್ಟಿತನದಲ್ಲಿ 6ರಿಂದ 7ರೊಳಗೇ ಇದ್ದರೂ ಒಡೆಯುವುದು ಮಹಾ ಕಷ್ಟ, ಅದರೊಳಗೆ ಎಳೆಗಳು ಹೆಣೆದುಕೊಂಡ ಹಾಗಿರುತ್ತವೆ. ಪಚ್ಚೆ ಬಿರುಕಿನ ದೆಸೆಯಿಂದ ಪೆಟ್ಟಿಗೆ ಸೋಲುತ್ತದೆ. ಹೀಗೆಲ್ಲ ಲೆಕ್ಕ ಹಾಕಿ ನಾವು ನೀಲಮಣಿಗೆ ಬಂದೆವು. ನಡುವೆ ಮೊಟ್ಟೆಯಾಕಾರದ ನೀಲಿ ಸಫೈರ್, ಅಕ್ಕಪಕ್ಕ ಒಂದೊಂದು ವಜ್ರ.

ಕಲ್ಲು ಆರಿಸಿದ ದಿನ ಚೆನ್ನಾಗಿ ನೆನಪಿದೆ. ಅಕ್ಕಸಾಲಿಗರು ಒಂದು ಚಿಟಿಕೆ ಮೇಣ ಉಂಡೆ ಮಾಡಿ ನನ್ನ ಬೆರಳ ಮೇಲಿಟ್ಟು, ಅದರ ಮೇಲೆ ಬಿಡಿ ಕಲ್ಲುಗಳನ್ನು ಒತ್ತಿ ಕೂರಿಸಿದರು. ಮೊದಲು ಕೂರಿಸಿದ ಸಫೈರ್ ಅಂಗಡಿಯ ದೀಪದಲ್ಲಿ ಉರಿಯುವ ನೀಲಿ. ಕೈ ಹಾಗೇ ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ಮೋಡದ ಬೆಳಕಲ್ಲಿ ನೋಡಿದರೆ ಹೆಚ್ಚುಕಡಿಮೆ ಕಪ್ಪು! ಬಣ್ಣ ಜಾಸ್ತಿ ದಟ್ಟವಾಗಿದ್ದರೆ ಹೀಗಾಗುತ್ತದಂತೆ. ಎರಡನೆಯದು ತಿಳಿ ನೀಲಿ, ಬಣ್ಣ ಚೆಂದ, ಆದರೆ ಅದನ್ನು ಪೇಪರಿನ ಮೇಲೆ ಇಟ್ಟಾಗ ಕಲ್ಲಿನ ನಡುವಿನಿಂದ ಕೆಳಗಿನ ಅಕ್ಷರ ಓದುವ ಹಾಗಿತ್ತು. ತಳ ತೀರಾ ಚಪ್ಪಟೆಯಾಗಿ ಸಾಣೆ ಹಿಡಿದರೆ ಬೆಳಕು ಕಣ್ಣಿಗೆ ವಾಪಸ್ ಬರದೆ ಕೆಳಗೆ ಇಳಿದುಹೋಗುತ್ತದೆ. ಅದನ್ನು ವಿಂಡೋ ಅನ್ನುತ್ತಾರೆ. ಮೂರನೆಯದನ್ನು ಇಟ್ಟಾಗ ನಾವಿಬ್ಬರೂ ಮಾತಾಡಲಿಲ್ಲ. ಅದೇ ಈಗ ನನ್ನ ಬೆರಳಲ್ಲಿದೆ.

ಪಕ್ಕದ ವಜ್ರಗಳ ಗಾತ್ರದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ವಜ್ರ ಬೆಳಕನ್ನು ಬಾಗಿಸುವ ಪ್ರಮಾಣ 2.42, ಸಫೈರ್‌ನದು 1.76. ಹಾಗಾಗಿ ವಜ್ರ ಮಿಂಚುತ್ತದೆ, ಸಫೈರ್ ಬಣ್ಣ ತುಂಬಿಕೊಂಡು ಸುಮ್ಮನೆ ಕೂರುತ್ತದೆ. ಪಕ್ಕದಲ್ಲಿ ದೊಡ್ಡ ವಜ್ರ ಇಟ್ಟರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಡುವಿನ ಕಲ್ಲು ಮಾತಾಡುವಾಗ ಪಕ್ಕದವು ಬಾಯಿ ಹಾಕಬಾರದು ಅಲ್ವಾ? ನಮ್ಮದರಲ್ಲಿ ವಜ್ರದ ಅಗಲ ಸಫೈರ್‌ನ ಅರ್ಧಕ್ಕಿಂತ ಕಡಿಮೆ. ವಜ್ರದ ಬಣ್ಣಕ್ಕೆ ಡಿ ಇಂದ ಝಡ್‌ವರೆಗೆ ದರ್ಜೆ ಇದೆ, ಡಿ ಅಂದರೆ ಒಂಚೂರೂ ಬಣ್ಣ ಇಲ್ಲದ್ದು. ಇಷ್ಟು ಸಣ್ಣ ವಜ್ರಕ್ಕೆ ಅದು ಬೇಕಾಗಿಲ್ಲ. ನೀಲಿಯ ಪಕ್ಕ, ಹಳದಿ ಚಿನ್ನದ ಮೇಲೆ ಜಿ ಅಥವಾ ಎಚ್ ಕೂಡ ಅಚ್ಚ ಬಿಳಿಯಾಗೇ ಕಾಣುತ್ತದೆ. ಅಕ್ಕಪಕ್ಕದ ಎರಡು ವಜ್ರಗಳೂ ಒಂದಕ್ಕೊಂದು ಹೊಂದಬೇಕು, ಅದಕ್ಕೇ ಜಾಸ್ತಿ ಹೊತ್ತು ಕೊಡಿ.

ಕ್ಯಾರೆಟ್ ನೋಡಿ ಮೋಸಹೋಗಬೇಡಿ. ಕ್ಯಾರೆಟ್ ಅಂದರೆ ತೂಕ, 0.2 ಗ್ರಾಂ. ಸಫೈರ್ ವಜ್ರಕ್ಕಿಂತ ಭಾರ. ಒಂದು ಕ್ಯಾರೆಟ್ಟಿನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲ ಇದ್ದರೆ ಅಷ್ಟೇ ತೂಕದ ಸಫೈರ್ 6 ಮಿಲಿಮೀಟರ್ ಆಸುಪಾಸು. ಮಿಲಿಮೀಟರ್ ಕೇಳಿ.

ವಜ್ರದ ಹಾಗೇ ಕಾಣುವ ಮಾಯ್ಸನೈಟ್ ಅನ್ನುವ ಬಿಳಿ ಕಲ್ಲಿನ ವಿಷಯ ಹೇಳದಿದ್ದರೆ ನನ್ನವನು ಬಿಡುವುದಿಲ್ಲ, ಅವನಿಗೆ ಅದರ ಕಥೆಯೇ ಇಷ್ಟ. 1893ರಲ್ಲಿ ಆರಿ ಮ್ವಾಸಾನ್ ಅನ್ನುವ ಫ್ರೆಂಚ್ ವಿಜ್ಞಾನಿ ಅರಿಝೋನಾದಲ್ಲಿ ಉಲ್ಕೆ ಬಿದ್ದ ಗುಂಡಿಯಿಂದ ಬಂದ ಚೂರುಗಳಲ್ಲಿ ಅದನ್ನು ಕಂಡ. ಈಗ ಒಡವೆಗೆ ಬರುವುದೆಲ್ಲ ಪ್ರಯೋಗಾಲಯದಲ್ಲಿ ಬೆಳೆಸಿದ್ದು. ಗಟ್ಟಿತನ 9.25, ಬಾಳಿಕೆಗೆ ಏನೂ ಕೊರತೆಯಿಲ್ಲ. ಆದರೆ ಬೆಳಕನ್ನು ಬಣ್ಣ ಬಣ್ಣವಾಗಿ ಒಡೆಯುವುದರಲ್ಲಿ ಅದು ವಜ್ರಕ್ಕಿಂತ ಎರಡು ಪಟ್ಟಿಗೂ ಮುಂದೆ. ಒಂಟಿಯಾಗಿ ಇಟ್ಟಾಗ ತುಂಬಾ ಚೆಂದ. ವಜ್ರದ ಪಕ್ಕ ಇಟ್ಟು ಬಿಸಿಲಿಗೆ ಹಿಡಿದರೆ ಒಂದು ಬಿಳಿಯಾಗಿ ಮಿಂಚುತ್ತದೆ, ಇನ್ನೊಂದು ಕಾಮನಬಿಲ್ಲು ಚೆಲ್ಲುತ್ತದೆ, ಎರಡೂ ಬಿಳಿ ಕಲ್ಲೇ ಆದ್ದರಿಂದ ಒಂದು ಇನ್ನೊಂದರ ನಕಲಿನಂತೆ ಕಾಣತೊಡಗುತ್ತದೆ. ಮಾಯ್ಸನೈಟ್‌ಗೆ ಅದು ಅನ್ಯಾಯ. ಅದಕ್ಕೆ ಬಣ್ಣದ ಕಲ್ಲನ್ನೇ ಜೋಡಿ ಮಾಡಿ ಅಂತ ನಾನು ಹೇಳುತ್ತೇನೆ.

ಬಣ್ಣದ ಕಲ್ಲಿದ್ದರೆ ಅದು ನಿಶ್ಚಿತಾರ್ಥದ ಉಂಗುರ ಅನಿಸುತ್ತಾ ಅಂತ ಕೇಳಿದವರಿದ್ದಾರೆ. 1796ರಲ್ಲಿ ನೆಪೋಲಿಯನ್ ಜೋಸೆಫೀನ್‌ಗೆ ಕೊಟ್ಟ ಉಂಗುರದಲ್ಲಿ ಹನಿಯಾಕಾರದ ಒಂದು ವಜ್ರ, ಹನಿಯಾಕಾರದ ಒಂದು ನೀಲಮಣಿ ಎದುರುಬದುರಾಗಿ ಕೂತಿವೆ. 1981ರಲ್ಲಿ ಡಯಾನಾ ಬೆರಳಿಗೆ ಬಂದದ್ದು 12 ಕ್ಯಾರೆಟ್ಟಿನ ನೀಲಮಣಿ, ಸುತ್ತಲೂ ವಜ್ರ. ಅದೇ ಉಂಗುರವನ್ನು 2010ರಲ್ಲಿ ಮಗ ವಿಲಿಯಂ ಕೇಟ್‌ಗೆ ತೊಡಿಸಿದ. ವಜ್ರ ಎಂದೆಂದಿಗೂ ಅನ್ನುವ, ಡಿ ಬೀರ್ಸ್ ಎಂಬ ವಜ್ರದ ಕಂಪನಿಯ ಜಾಹೀರಾತಿನ ಸಾಲು ಹುಟ್ಟಿದ್ದೇ 1947ರಲ್ಲಿ.

ಪಚ್ಚೆಯೇ ಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ, ಆ ಹಸಿರು ಬೇರೆ ಎಲ್ಲೂ ಸಿಗದು. ಆದರೆ ನಾಲ್ಕು ಕೊಕ್ಕೆಗಳ ಮೇಲೆ ಎತ್ತರಕ್ಕೆ ಕೂರಿಸಬೇಡಿ. ಸುತ್ತಲೂ ಚಿನ್ನದ ಪಟ್ಟಿ ಕಟ್ಟುವ ಬೆಜೆಲ್ ಕೇಳಿ, ಅಂಚುಗಳು ಅದರೊಳಗೆ ಅಡಗಿರುತ್ತವೆ. ಇನ್ನೊಂದು, ಮುಂದೆ ಅಳತೆ ಬದಲಿಸುವಾಗ ಉಂಗುರಕ್ಕೆ ಬೆಂಕಿ ತೋರಿಸುತ್ತಾರೆ. ವಜ್ರ, ಸಫೈರ್ ಎಚ್ಚರಿಕೆಯಿಂದ ಮಾಡಿದರೆ ತಡೆಯುತ್ತವೆ. ಪಚ್ಚೆ, ಓಪಲ್, ಮುತ್ತು, ಟಾಂಜನೈಟ್ ತಡೆಯುವುದಿಲ್ಲ, ಬಿಚ್ಚಿಟ್ಟೇ ಕೆಲಸ ಮಾಡಬೇಕು. ಕೊಡುವಾಗಲೇ ಬಾಯಿಬಿಟ್ಟು ಹೇಳಿ, ಚೀಟಿಯ ಮೇಲೂ ಬರೆಸಿ.

ಅಕ್ಕನ ಪಚ್ಚೆಗೆ ಮತ್ತೆ ಎಣ್ಣೆ ತುಂಬಿಸಿದ್ದಾಯಿತು, ಬಿರುಕು ಬಹುಮಟ್ಟಿಗೆ ಮರೆಯಾಗಿದೆ. ಹಾರಿದ ಮೂಲೆ ಹಾಗೇ ಇದೆ. ಮತ್ತೆ ಸಾಣೆ ಹಿಡಿದರೆ ಕಲ್ಲು ಚಿಕ್ಕದಾಗುತ್ತದೆ, ಅವಳಿಗೆ ಅದು ಬೇಡ. ಎರಡು ಉಂಗುರಗಳಿಗೂ ಈಗ ಬೇರೆ ಬೇರೆ ಬಟ್ಟೆಯ ಚೀಲ.

ನನ್ನದನ್ನು ತಿಂಗಳಿಗೊಮ್ಮೆ ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತಗಿನ ಬ್ರಷ್ ಹಿಡಿದು ತೊಳೆಯುತ್ತೇನೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಸಫೈರ್‌ಗಿಂತ ಮೊದಲು ಮಂಕಾಗುವುದು ಅದೇ. ಒರೆಸಿದ ಮೇಲೆ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟುತ್ತೇನೆ. ಕಲ್ಲು ಸಡಿಲವಾಗಿದ್ದರೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತದೆ. ಹೋದ ತಿಂಗಳು ಎಡಗಡೆಯ ವಜ್ರದಿಂದ ಆ ಸದ್ದು ಬಂತು. ಅವತ್ತೇ ಉಂಗುರ ಬಿಚ್ಚಿ, ಮಾರನೇ ದಿನ ಕೊಕ್ಕೆ ಬಿಗಿ ಮಾಡಿಸಿಕೊಂಡು ಬಂದೆ.