ಸ್ಟ್ರಾಸ್ ಪಾರ್ಕಿನ ನೆನಪಿನಮ್ಮ

ನ್ಯೂಯಾರ್ಕಲ್ಲಿ ಬ್ರಾಡ್‌ವೇ 106ನೇ ಬೀದಿ ಹತ್ರ ಸ್ಟ್ರಾಸ್ ಪಾರ್ಕ್ ಅಂತ ಪುಟ್ಟ ಪಾರ್ಕಿದೆ, ಅಲ್ಲಿ ಒರಗಿಕೊಂಡು ಕೆಳಗೆ ನೋಡ್ತಿರೋ ಕಂಚಿನ ಹೆಂಗಸಿನ ಹೆಸರು ಮೆಮೊರಿ. ಮೇಸೀಸ್ ಅಂಗಡಿಯ ಇಸಿಡೋರ್ ಸ್ಟ್ರಾಸ್, ಹೆಂಡತಿ ಐಡಾ ಇಬ್ರೂ ಟೈಟಾನಿಕ್‌ನಲ್ಲಿ ತೀರಿಕೊಂಡ್ರಲ್ಲ, ಅವರ ನೆನಪಿಗೆ ಅಗಸ್ಟಸ್ ಲುಕ್‌ಮನ್ ಮಾಡಿದ್ದು, 1915ರಲ್ಲಿ ಇಟ್ಟಿದ್ದು. ಲೈಫ್‌ಬೋಟ್ ಹತ್ತು ಅಂದ್ರೂ ಗಂಡನ್ನ ಬಿಟ್ಟು ಬರಲ್ಲ ಅಂತ ಆಯಮ್ಮ ಹಡಗಲ್ಲೇ ಉಳಿದುಬಿಟ್ರು.

ನೆನಪನ್ನ ಹೀಗೆ ಹೆಣ್ಣಾಗಿ ಕಾಣೋ ರೂಢಿ ಗ್ರೀಕರದ್ದು. ಅವರ ನೆನಪಿನ ದೇವತೆ ನೆಮೊಸಿನಿ ಆಕಾಶ-ಭೂಮಿಯ ಮಗಳು, ದೇವತೆಗಳ ರಾಜ ಝೀಯಸ್‌ನಿಂದ ಒಂಬತ್ತು ಮ್ಯೂಸ್ ಅನ್ನೋ ಕಲಾದೇವಿಯರನ್ನ ಹೆತ್ತೋಳು (ಅಂದ್ರೆ ಕಾವ್ಯ, ಸಂಗೀತ, ಇತಿಹಾಸ ಎಲ್ಲಾ ಇವಳ ಮಕ್ಕಳೇ). ಗ್ರೀಸಿನ ಲೆಬಾಡಿಯಾ ಊರಲ್ಲಿ ದೈವವಾಣಿ ಕೇಳೋಕೆ ಹೋದೋರು ಮೊದ್ಲು ಮರೆವಿನ ನೀರು ಕುಡಿದು ಆಮೇಲೆ ಇವಳ ನೀರು ಕುಡೀಬೇಕಿತ್ತು, ಕಂಡಿದ್ದು ಮರೀಬಾರ್ದಲ್ಲ! ಪಾರ್ಕಲ್ಲೂ ಅವಳ ಮುಂದೆ ಕೊಳ ಇತ್ತು, ಆಮೇಲೆ ಅದನ್ನ ಹೂವಿನ ಪಾತಿ ಮಾಡಿಬಿಟ್ರು. ಚೆನ್ನಾಗೇನೋ ಇದೆ, ಆದ್ರೆ ನನ್ನ ಕೇಳಿದ್ರೆ ನೀರೇ ಇರಬೇಕಿತ್ತು.