ಒಣಗಿದ ನೆಲದ ಮೇಲೆ ಬಿರುಮಳೆ

ಜುಲೈ 5, 2023, ಬುಧವಾರ
ಹೊಸನಗರ ತಾಲ್ಲೂಕು

ಬಿಪರ್‌ಜಾಯ್ ಚಂಡಮಾರುತ ಗುಜರಾತಿನ ಕಡೆಗೆ ಹೋಗುವಾಗ ಮುಂಗಾರಿನ ಗತಿಯನ್ನೇ ಕೆಡಿಸಿದ್ದರಿಂದ ಈ ವರ್ಷ ಮೃಗಶಿರ ಮಳೆ ನಮ್ಮ ಕಡೆ ಹೆಸರಿಗಷ್ಟೇ ಆಯಿತು. ಲಿಂಗನಮಕ್ಕಿಯ ಹಿನ್ನೀರು ತೀರಾ ಇಳಿಯಿತು. ಸಸಿಮಡಿ ಮಾಡಿದವರು ಮೋಡ ನೋಡುತ್ತ ಕುಳಿತರು. ಈಗ ಆರಿದ್ರಾದ ಕೊನೆಯ ಪಾದದಲ್ಲಿ ಮಳೆ ಹಿಡಿದಿದೆ, ಕರಾವಳಿಗೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿದೆ, ಊರಿನವರಿಗೆಲ್ಲ ಸಮಾಧಾನವಾಗಿದೆ.

"ಕಾದ ನೆಲ ಮಾರಾಯ್ರೇ, ಎಷ್ಟು ಬಂದರೂ ಕುಡಿಯುತ್ತದೆ. ನೆರೆಯ ಮಾತು ಈಗಲೇ ಯಾಕೆ?" ಎಂದು ಪಕ್ಕದ ತೋಟದ ಹಿರಿಯರು ಬೆಳಿಗ್ಗೆ ಕೇಳಿದರು. ದೊಡ್ಡ ಹೊಳೆಗಳ ಮಟ್ಟಿಗೆ ಅವರ ಮಾತು ಬಹುಪಾಲು ಸರಿ. ಒಣ ನೆಲ ಮೊದಲ ಮಳೆಯನ್ನು ಹೀರುವುದರಿಂದ ತುಂಗೆ, ಶರಾವತಿಗಳು ತುಂಬಲು ಸಮಯ ಹಿಡಿಯುತ್ತದೆ. ಆದರೆ ನೆಲ ಕುಡಿಯುವುದಕ್ಕೂ ಒಂದು ವೇಗವಿದೆ. ಬಿಸಿಲಿಗೆ ಮೇಲ್ಮೈ ಗಟ್ಟಿಯಾದ ಜಂಬಿಟ್ಟಿಗೆ ಮಣ್ಣು, ದನ ತುಳಿದ ಬ್ಯಾಣ (ಹುಲ್ಲುಗಾವಲು), ಅಕೇಶಿಯಾ ತೋಪಿನ ಒಣ ಎಲೆಯ ಹಾಸು, ಇವುಗಳ ಮೇಲೆ ಗಂಟೆಗೆ 50 ಮಿ.ಮೀ. ಸುರಿದರೆ ಒಳಗಿಳಿಯುವುದಕ್ಕಿಂತ ಹೆಚ್ಚು ನೀರು ಇಳಿಜಾರು ಹಿಡಿದು ಹಳ್ಳಕ್ಕೇ ಓಡುತ್ತದೆ.

ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 204.4 ಮಿ.ಮೀ. ಮೀರಿದರೆ ಅದು ಅತ್ಯಂತ ಭಾರಿ ಮಳೆ. ಆ ಅಂಕಿ ಇಡೀ ದಿನದ್ದೋ ಮೂರು ಗಂಟೆಯದೋ ಎಂಬುದು ಬೆಳಗಿನ ಪತ್ರಿಕೆಯಲ್ಲಿ ಕಾಣುವುದಿಲ್ಲ, ಹಳ್ಳದ ಪಕ್ಕದ ಮನೆಗೆ ಬೇಕಾದದ್ದು ಮಾತ್ರ ಅದೇ. ಕಳೆದ ವರ್ಷ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ.ಗೂ ಹೆಚ್ಚು ಮಳೆಯಾಗಿ ಪೇಟೆಯೇ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು. ಅದೇ ತಿಂಗಳು ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ, ಅಂದರೆ ಹಳ್ಳ ದಾಟುವ ಕಿರುಸೇತುವೆಯಿಂದ ಜಾರಿ ಹಳ್ಳದ ಪಾಲಾದಳು.

ಮಳೆ ತಡವಾದ ವರ್ಷ ಹಳ್ಳಗಳಲ್ಲಿ ಕಸ ಹೆಚ್ಚು. ಬೇಸಿಗೆಯುದ್ದಕ್ಕೂ ಬಿದ್ದ ದರಕು (ಒಣ ಎಲೆ), ಅಡಿಕೆ ಸೋಗೆ, ಹಾಳೆ, ಗಾಳಿಗೆ ಮುರಿದ ಕೊಂಬೆಗಳನ್ನು ಜೂನ್ ತಿಂಗಳ ಸಣ್ಣ ಮಳೆಗಳು ಸ್ವಲ್ಪಸ್ವಲ್ಪವಾಗಿ ತೊಳೆದೊಯ್ಯಬೇಕಿತ್ತು. ಆ ಮಳೆಗಳೇ ಬಾರದ ಕಾರಣ ಎಲ್ಲವೂ ಮೊದಲ ಬಿರುಮಳೆಗೆ ಒಟ್ಟಿಗೆ ಹೊರಟು ಮೋರಿಯ ಬಾಯಿಗೆ ಬೂಚಿನಂತೆ ಕೂರುತ್ತದೆ. ಹಿಂದೆ ನೀರು ಕಟ್ಟಿ ನಿಂತು, ಆಮೇಲೆ ರಸ್ತೆಯ ಏರಿಯನ್ನೇ ಒಡೆದು ಒಮ್ಮೆಗೇ ಕೆಳಗಿನ ಗದ್ದೆಗೆ ನುಗ್ಗುತ್ತದೆ. 2020ರಿಂದ ಹವಾಮಾನ ಇಲಾಖೆ ಮಣ್ಣಿನ ತೇವವನ್ನೂ ಗಣನೆಗೆ ತೆಗೆದುಕೊಂಡು ಹಠಾತ್ ಪ್ರವಾಹದ ಸೂಚನೆ ಕೊಡುತ್ತಿದೆ. ಒಳ್ಳೆಯ ಕೆಲಸ, ಆದರೆ ನಮ್ಮೂರಿನ ಮೋರಿಯಲ್ಲಿ ಏನು ಸಿಕ್ಕಿಕೊಂಡಿದೆ ಎಂಬುದು ಯಾವ ಉಪಗ್ರಹಕ್ಕೂ ತಿಳಿಯದು.

ಘಟ್ಟದ ಅಂಚಿನಲ್ಲಿರುವ ನಮಗೆ ಇನ್ನೊಂದು ಹೊಣೆಯೂ ಇದೆ. ಹುಲಿಕಲ್, ಮಾಸ್ತಿಕಟ್ಟೆಯ ಸುತ್ತ ಬಿದ್ದ ನೀರಿನಲ್ಲಿ ಒಂದಷ್ಟು ವಾರಾಹಿ ನದಿಯ ಕಡೆಗೆ ಹರಿಯುತ್ತದೆ, ಘಟ್ಟದ ಕಡಿದಾದ ತೊರೆಗಳು ಕೆಳಗಿನ ಹೊಸಂಗಡಿಯ ಕಡೆಗೆ ಧುಮುಕಲು ಹೆಚ್ಚು ಹೊತ್ತು ಬೇಡ. ಕೆಳಗೆ ಬಿಸಿಲಿದ್ದರೂ ಹಳ್ಳ ಕೆಂಪಾಗಿ ಬರಬಹುದು. ಆದ್ದರಿಂದ ಇಲ್ಲಿ ಮಳೆ ಜೋರಾದಾಗ ಘಟ್ಟದ ಕೆಳಗಿನ ನೆಂಟರಿಗೆ ಒಂದು ಫೋನ್ ಮಾಡುವುದು ಕುಶಲ ವಿಚಾರಣೆಗಿಂತ ಹೆಚ್ಚಿನ ಕೆಲಸ. ಸಿದ್ದಾಪುರದ ತಂಗಿಗೆ ಸಂಜೆ ಹೇಳಿದ್ದೇನೆ: ಮಕ್ಕಳನ್ನು ಸಂಕ ದಾಟಿಸುವ ಮೊದಲು ನೀರಿನ ಬಣ್ಣ ನೋಡು, ಕೆಂಪಗಿದ್ದರೆ ಶಾಲೆ ಬೇಡ.

ಹಿರಿಯರು ನನ್ನ ವಾದವನ್ನು ಒಪ್ಪಲಿಲ್ಲ. ಆದರೂ ಮೋರಿಗೆ ಸಿಕ್ಕಿಕೊಂಡ ಮಾವಿನ ಕೊಂಬೆ ಎಳೆಯಲು ನಾಳೆ ಮಗನನ್ನು ಹಗ್ಗ, ಕತ್ತಿಯೊಂದಿಗೆ ಕಳಿಸುವುದಾಗಿ ಹೇಳಿದ್ದಾರೆ. ಮಳೆ ಬಿಡುವುದನ್ನು ಕಾಯದೆ ಬೆಳಿಗ್ಗೆಯೇ ಹೋಗುವುದೆಂದು ನಿಶ್ಚಯವಾಗಿದೆ.