ಜೂನ್ 1ಕ್ಕೆ ಎಲ್ಲರ ಹುಟ್ಟುಹಬ್ಬ

ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಯುನಿಟ್ ಇದೆ. ಪ್ಯಾಕಿಂಗ್ ಕವರ್, ಲೇಬಲ್ ಮಾಡುತ್ತೇನೆ. ಗಿರಾಕಿಗಳು ಜಾಸ್ತಿ ಬ್ಯಾಡಗಿ, ಹಾವೇರಿ ಕಡೆಯವರು, ಖಾರದಪುಡಿ ಮಸಾಲೆ ಮಾಡುವವರು. ಗದಗಿನವರೂ ನಾಲ್ಕಾರು ಜನ ಇದ್ದಾರೆ. ಪ್ರೆಸ್ಸುಗಳಿಗೇ ಹೆಸರಾದ ಊರಿನವರು ಲೇಬಲ್ಲಿಗೆ ನನ್ನ ಹತ್ತಿರ ಬರುತ್ತಾರಲ್ಲ ಅಂತ ಒಳಗೊಳಗೇ ಸ್ವಲ್ಪ ಜಂಬ.

ಫೇಸ್‌ಬುಕ್ ನೋಡಿ ಗಿರಾಕಿಗಳಿಗೆ ಹುಟ್ಟುಹಬ್ಬದ ವಿಶ್ ಮಾಡು, ಸಂಬಂಧ ಗಟ್ಟಿಯಾಗುತ್ತೆ ಅಂತ ಯಾರೋ ಹೇಳಿದ್ದರು. ಕೂತು ನೋಡಿದರೆ ಹನ್ನೊಂದು ಜನ ಹುಟ್ಟಿದ್ದು ಜೂನ್ 1ಕ್ಕೆ! ಆದರೂ ಬಿಡದೆ ಎಲ್ಲರಿಗೂ ಕೇಕಿನ ಚಿತ್ರ ಕಳಿಸಿದೆ. ಬ್ಯಾಡಗಿಯ ಒಬ್ಬ ಹಿರಿಯರು ಫೋನ್ ಮಾಡಿ ನಕ್ಕರು: "ಅದು ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರು ಬರಕೊಂಡಿದ್ದ ತಾರೀಖು ರೀ. ನಾ ಹುಟ್ಟಿದ್ದು ಸೀಗಿ ಹುಣ್ಣಿಮಿ ದಿನ, ನಮ್ಮವ್ವ ಹೇಳ್ತಿದ್ಲು."

ಗದಗಿನಲ್ಲಿ ಆಗಿದ್ದು ಮಾತ್ರ ನಗುವ ವಿಷಯ ಅಲ್ಲ. ಅಲ್ಲಿಯ ಒಬ್ಬ ಯುವ ವ್ಯಾಪಾರಿ ಇನ್‌ಸ್ಟಾಗ್ರಾಮ್‌ನಲ್ಲಿ ಬೀಚಿನ ಫೋಟೋ ಹಾಕಿದ್ದ. ಮುಂದಿನ ವಾರ ಅಂಗಡಿಗೆ ಹೋದವನು, ಮಾತು ಶುರು ಮಾಡೋಕೆ ಒಳ್ಳೆ ವಿಷಯ ಸಿಕ್ಕಿತು ಅಂದುಕೊಂಡು, "ಏನ್ರೀ, ಗೋವಾ ಜೋರಾಗಿತ್ತಾ?" ಅಂದುಬಿಟ್ಟೆ. ಗಾದಿ ಮೇಲೆ ಅವರ ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ಕೈ ಅಲ್ಲೇ ನಿಂತಿತು. "ಯಾವ ಗೋವಾ? ಬೆಂಗಳೂರಾಗ ಮೀಟಿಂಗ್ ಐತಿ ಅಂದಿದ್ದೆಲ್ಲೋ?" ಆಮೇಲೆ ಕೇಳಿಸಿದ್ದು ಫ್ಯಾನಿನ ಸದ್ದು ಮಾತ್ರ. ಎರಡು ತಿಂಗಳು ಅಲ್ಲಿಂದ ಆರ್ಡರ್ ಬರಲಿಲ್ಲ.

ಅವತ್ತಿನಿಂದ ನೋಡುವುದನ್ನು ಬಿಟ್ಟಿಲ್ಲ, ನೋಡಿದ್ದನ್ನು ಹೇಳುವುದನ್ನು ಬಿಟ್ಟೆ. ಗಿರಾಕಿಯ ಪ್ರೊಫೈಲು ನನಗೆ ಉಪಯೋಗಕ್ಕೆ ಬರುವುದು ಯಾವಾಗ ಸುಮ್ಮನಿರಬೇಕು ಅಂತ ತಿಳಿಯೋಕೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ಸೀಸನ್ನಿನಲ್ಲಿ ಆ ದಿನ ಅಲ್ಲಿಯ ಗಿರಾಕಿಗಳ ವಾಟ್ಸಾಪ್ ಸ್ಟೇಟಸ್ ತುಂಬ ಬರೀ ಕೆಂಪು ಚೀಲಗಳು. ಅಂಥ ಹೊತ್ತಿನಲ್ಲಿ ಫೋನ್ ಮಾಡಿ "ಡಿಸೈನ್ ಓಕೆನಾ?" ಅಂತ ಕೇಳಿದರೆ ಬೈಗುಳವೇ ಗತಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಅಂಥವರಿಗೆಲ್ಲ ಒಂದು ಲೇಬಲ್ ಹಾಕಿಟ್ಟಿದ್ದೇನೆ, "ಟೆಂಡರ್ ದಿನ ಬೇಡ" ಅಂತ. ಮನೆಯಲ್ಲಿ ಯಾರಾದರೂ ತೀರಿಕೊಂಡ ಫೋಟೋ ಕಂಡರೆ ಬಿಲ್ಲು, ಬಾಕಿ ಎಲ್ಲ ಹದಿಮೂರು ದಿನ ಬಂದ್. ಸ್ಟೇಟಸ್ 24 ತಾಸಿಗೆ ಮಾಯವಾಗುತ್ತದೆ, ಹಾಗಾಗಿ ಬೆಳಿಗ್ಗೆ ಚಹಾ ಜೊತೆ ಒಮ್ಮೆ ಕಣ್ಣಾಡಿಸುತ್ತೇನೆ.

ಕಷ್ಟ ಅಂದರೆ ಇದು: ಬಾಕಿ ಕೇಳಿದಾಗ "ಮಾರ್ಕೆಟ್ ಡಲ್ ಅದ ರೀ" ಅಂದವರೇ ಸಂಜೆ ಹೊಸ ಕಾರಿನ ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟ ಫೋಟೋ ಹಾಕುತ್ತಾರೆ. "ಕಾರು ಚಂದ ಅದ" ಅಂತ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿ, ಅಳಿಸಿದ್ದೇನೆ. ನಾನು ಸ್ಟೇಟಸ್ ನೋಡಿದ್ದು ಅವರಿಗೂ ಕಾಣಿಸುತ್ತದಲ್ವಾ, ಅಷ್ಟು ಸಾಕು.

ಧಾರವಾಡದ ಬೇಲೂರು, ಇಲ್ಲಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾಗಳ ಕಂಪನಿಗಳಿಗೆ ಮಾತ್ರ ಲಿಂಕ್ಡ್‌ಇನ್ ಬೇಕು. ಪರ್ಚೇಸ್ ನೋಡುವವರು ಬದಲಾದರೆ ಅಲ್ಲಿ ಗೊತ್ತಾಗುತ್ತೆ. ನನ್ನ ಪ್ರೊಫೈಲಿನಲ್ಲಿ ಮೊದಲು ಉಣಕಲ್ ಕೆರೆಯ ಸೂರ್ಯಾಸ್ತ ಇತ್ತು. ಈಗ ಮಷಿನ್ ಪಕ್ಕ, ಇಂಕ್ ಹತ್ತಿದ ಕೈ ಇಟ್ಟುಕೊಂಡು ನಿಂತ ಫೋಟೋ. ಗೇಟಿನಲ್ಲೇ ಗುರುತು ಹಿಡಿಯುತ್ತಾರೆ.

ಹೋದ ಸೀಗಿ ಹುಣ್ಣಿಮೆಗೆ ಬ್ಯಾಡಗಿಯ ಆ ಹಿರಿಯರಿಗೆ ಫೋನ್ ಮಾಡಿದೆ. ಕೇಕಿನ ಚಿತ್ರ ಗಿತ್ರ ಏನಿಲ್ಲ, ಬಾಯಿಂದ ವಿಶ್ ಮಾಡಿದೆ ಅಷ್ಟೇ. ಒಂದು ಕ್ಷಣ ಮಾತಿಲ್ಲ. ಆಮೇಲೆ, "ನೆನಪಿಟ್ಟೀರಲ್ರೀ!" ಅಂದರು. ಅದೇ ಉಸಿರಿಗೆ, "ಹಂಗಾರ ಈ ಸಲ ಕವರಿನ ರೇಟು ಒಂದೀಟು ಇಳಸ್ರಿ" ಅಂದರು.